ರಬ್ಬರ್‌ಗೆ ಪಲ್ಸ್ ಎನ್‌ಎಂಆರ್ ಟೆಸ್ಟ್: ಮಾಡಿಸಿ, ಆದ್ರೆ ಗ್ರಾಫ್ ಕೇಳಿ ಇಸ್ಕೊಳ್ಳಿ

ಪುಣೆಯ ಭೋಸರಿಯಲ್ಲಿ ನಮ್ಮದು ನೈಟ್ರೈಲ್ ರಬ್ಬರ್ ಓ-ರಿಂಗ್ (ಸೋರದಂತೆ ತಡೆಯುವ ಬಳೆ) ಮಾಡುವ ಸಣ್ಣ ಯೂನಿಟ್. ಬ್ಯಾಚ್ ಸರಿಯಾಗಿ ಬೆಂದಿದೆಯೋ ಇಲ್ಲವೋ, ಅಂದ್ರೆ ಗಂಧಕ ಹಾಕಿ ಕಾಯಿಸಿದಾಗ ರಬ್ಬರಿನ ಉದ್ದುದ್ದ ಅಣು-ಸರಪಳಿಗಳು ಒಂದಕ್ಕೊಂದು ಸಾಕಷ್ಟು ಗಂಟು ಬಿದ್ದಿವೆಯೋ ನೋಡೋಕೆ ಇಷ್ಟು ದಿನ ತುಂಡುಗಳನ್ನು ದ್ರಾವಕವಾದ ಟಾಲುಯಿನ್‌ನಲ್ಲಿ ನೆನೆಹಾಕಿ, ಎಷ್ಟು ಉಬ್ಬಿತು ಅಂತ ತೂಕ ಹಾಕುತ್ತಿದ್ದೆವು; ಗಂಟು ಕಮ್ಮಿ ಇದ್ದಷ್ಟೂ ಜಾಸ್ತಿ ಉಬ್ಬುತ್ತದೆ. ಎರಡು ಮೂರು ದಿನ ಅದಕ್ಕೇ ಹೋಗುತ್ತದೆ, ಮೇಲೆ ವಾಸನೆ ಬೇರೆ. ಹತ್ತಿರದ ಒಂದು ಖಾಸಗಿ ಲ್ಯಾಬಿನಲ್ಲಿ ಇದನ್ನೇ ಅಯಸ್ಕಾಂತ, ರೇಡಿಯೋ ಅಲೆಗಳಿಂದ ಪರೀಕ್ಷಿಸುವ ಮಷಿನ್, ಪಲ್ಸ್ ಎನ್‌ಎಂಆರ್ ಇದೆ ಅಂತ ಗೊತ್ತಾಯಿತು, ಆರು ಸ್ಯಾಂಪಲ್ ಹಿಡ್ಕೊಂಡು ಹೋದೆ.

ಎನ್‌ಎಂಆರ್ ಅಂದ್ರೆ ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎನ್‌ಸಿಎಲ್‌ನಲ್ಲಿರುವಂಥ, ದ್ರವ ಹೀಲಿಯಂ ಬೇಡುವ ಆಳೆತ್ತರದ ಡಬ್ಬಾ ಅಂದುಕೊಂಡಿದ್ದೆ. ಇದು ಮೇಜಿನ ಮೇಲೆ ಕೂರುತ್ತದೆ. ಒಳಗೆ ಅರ್ಧ ಟೆಸ್ಲಾಗೂ ಸ್ವಲ್ಪ ಕಮ್ಮಿ ಇರುವ ಮಾಮೂಲಿ ಶಾಶ್ವತ ಅಯಸ್ಕಾಂತ, 20 ಮೆಗಾಹರ್ಟ್ಸ್. ಯಾವ ಅಣು ಅಂತ ಹೇಳುವ ಸ್ಪೆಕ್ಟ್ರಮ್ ಇದರಿಂದ ಬರುವುದಿಲ್ಲ. ರಬ್ಬರಿನ ಹೈಡ್ರೋಜನ್‌ಗೆ ಕೆಲವೇ ಮೈಕ್ರೋಸೆಕೆಂಡಿನ ರೇಡಿಯೋ ಪೆಟ್ಟು ಕೊಟ್ಟು, ಆಮೇಲೆ ಬರುವ ಸಿಗ್ನಲ್ ಎಷ್ಟು ಬೇಗ ಸಾಯುತ್ತದೆ ಅಂತ ನೋಡುತ್ತದೆ, ಅಷ್ಟೇ. ಆ ಸಮಯಕ್ಕೆ ಟಿ2 ಅಂತಾರೆ. ಸರಪಳಿ ಸಡಿಲ ಇದ್ದರೆ ನಿಧಾನ, ಗಂಧಕದ ಗಂಟು ಜಾಸ್ತಿ ಬಿದ್ದಷ್ಟೂ ಬೇಗ. ಗಟ್ಟಿ ಪ್ಲಾಸ್ಟಿಕ್ ಆದರೆ ಹತ್ತಾರು ಮೈಕ್ರೋಸೆಕೆಂಡಿನಲ್ಲೇ ಮುಗೀತು, ನೀರಾದರೆ ಸೆಕೆಂಡುಗಟ್ಟಲೆ, ರಬ್ಬರ್ ಎರಡರ ನಡುವೆ. ಅಯಸ್ಕಾಂತದ ಬಲ ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೂ ಸಿಗ್ನಲ್ ಬೇಗ ಹೋಗುತ್ತದಲ್ಲ, ಅದಕ್ಕೆ ಇನ್ನೊಂದು ಪಲ್ಸ್ ಕೊಟ್ಟು ಎಬ್ಬಿಸುವ ‘ಎಕೋ’ ಉಪಾಯವನ್ನು ಭೌತವಿಜ್ಞಾನಿ ಎರ್ವಿನ್ ಹಾನ್ 1950ರಲ್ಲೇ ತೋರಿಸಿಕೊಟ್ಟಿದ್ದರು.

ಕೆಲಸ ಮಾತ್ರ ಸಲೀಸು. ಓ-ರಿಂಗನ್ನು ಸಣ್ಣಗೆ ಕತ್ತರಿಸಿ ಬೆರಳು ದಪ್ಪದ ಗಾಜಿನ ಟ್ಯೂಬಿನ ತಳಕ್ಕೆ ಒಂದು ಸೆಂಟಿಮೀಟರ್ ತುಂಬಿದರು, ಒಳಗೆ ಇಳಿಸಿದರು, ಚಹಾ ಬರೋದರೊಳಗೆ ಸ್ಕ್ರೀನ್ ಮೇಲೆ ಗೆರೆ ಬಂದಿತ್ತು.

ಆದರೆ ಮೊದಲ ಮೂರರ ಟಿ2 ತೀರಾ ಕಮ್ಮಿ, ಅಂದ್ರೆ ಅತಿಯಾಗಿ ಬೆಂದಿದೆ ಅನ್ನೋ ಲೆಕ್ಕ. ಅದೇ ಬ್ಯಾಚ್ ಟಾಲುಯಿನ್‌ನಲ್ಲಿ ಸರಿಯಾಗೇ ಇತ್ತು! ಅಲ್ಲಿನ ಮ್ಯಾನೇಜರ್ ಸುಮ್ನೆ ಪ್ರಿಂಟ್ ಕೊಟ್ಟು ಕಳಿಸುವ ಅವಸರದಲ್ಲಿದ್ದರು. ಮಷಿನ್ ನಡೆಸುವ ಹುಡುಗ ನಿಪ್ಪಾಣಿ ಕಡೆಯವನು, ನನ್ನ ಫೋನ್ ಮಾತು ಕೇಳಿ ಕನ್ನಡದಲ್ಲೇ ಅಂದ: “ಎಸಿ ರೂಮಿನ್ಯಾಗಿಂದ ಹಂಗs ತಂದು ಹಾಕ್ಯಾರ್ರಿ ಸರ, ಮಾಲು ಥಂಡ್ ಐತಿ.” ತಣ್ಣಗಿದ್ದರೆ ಸರಪಳಿ ಕುಣಿಯೋದು ಕಮ್ಮಿ, ಟಿ2 ತಾನಾಗೇ ಇಳಿಯುತ್ತದೆ. ಮಷಿನ್ 40 ಡಿಗ್ರಿಯಲ್ಲಿರುತ್ತದೆ, ಸ್ಯಾಂಪಲ್ಲೂ ಅಷ್ಟೇ ಬಿಸಿ ಆಗಿರಬೇಕಲ್ವಾ? ಹದಿನೈದು ನಿಮಿಷ ಬೆಚ್ಚಗಿಟ್ಟು ಮತ್ತೆ ಹಾಕಿದ. ಆರೂ ಒಂದೇ ಸಾಲಿಗೆ ಬಂದವು.

ರಿಪೋರ್ಟಿನಲ್ಲಿ ಬಂದಿದ್ದು ಸ್ಯಾಂಪಲ್ಲಿಗೊಂದು ಸಂಖ್ಯೆ. ಗ್ರಾಫ್ ಇಲ್ಲ, ತಾಪಮಾನ ಇಲ್ಲ. ಮೂರು ಸಲ ಫೋನ್ ಮಾಡಿದ ಮೇಲೆ ಕಳಿಸಿದರು. ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಒಂದು ಆ ಹುಡುಗನಿಗೆ. ರಬ್ಬರ್ ಗಟ್ಟಿಯಾಗಲು ಬೆರೆಸುವ ಮಸಿಪುಡಿ ಕಾರ್ಬನ್ ಬ್ಲ್ಯಾಕ್‌ಗೆ ಅಂಟಿಕೊಂಡ ರಬ್ಬರ್ ಕೂಡ ಟಿ2 ಇಳಿಸುತ್ತದೆ, ಹಾಗಾಗಿ ಬೇರೆ ಬೇರೆ ಕಾಂಪೌಂಡನ್ನು (ರಬ್ಬರ್ ಮಿಶ್ರಣವನ್ನು) ಒಂದಕ್ಕೊಂದು ಹೋಲಿಸಬೇಡಿ.

ಟೆಸ್ಟಿನಲ್ಲಿ ಮಾಲು ಹಾಳಾಗುವುದಿಲ್ಲ. ಅವೇ ತುಂಡುಗಳನ್ನು ವಾಪಸ್ ಇಸ್ಕೊಂಡು ಬಂದು ಟಾಲುಯಿನ್‌ಗೆ ಹಾಕಿದ್ದೇನೆ, ಶುಕ್ರವಾರ ತೂಕ.