ಬಗರ್ ಹುಕುಂ ಸಕ್ರಮ ಸೇವೆ: ನಮೂನೆ 57ರ ಅರ್ಜಿದಾರನ ವಿಮರ್ಶೆ

ಸರ್ಕಾರಿ ಜಮೀನನ್ನು ಅನಧಿಕೃತವಾಗಿ ಉಳುತ್ತ ಬಂದವರಿಗೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಡಿ ಅದನ್ನು ಸಕ್ರಮಗೊಳಿಸಿಕೊಡುವ ಸೇವೆಯನ್ನು ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ, ಅದಕ್ಕೆಂದಿರುವ ನಮೂನೆ 57ರಲ್ಲಿ ಅರ್ಜಿ ಕೊಟ್ಟವನಾಗಿ ಕಂಡಿದ್ದೇನೆ. ಅರ್ಜಿ ಕೊಡುವುದು ಸುಲಭವಾಗಿತ್ತು. ಸಿಬ್ಬಂದಿ ಸೌಜನ್ಯದಿಂದಲೇ ಸ್ವೀಕೃತಿ ನೀಡಿದರು.

ತೊಡಕಿರುವುದು ಜಮೀನಿನ ವರ್ಗೀಕರಣದಲ್ಲಿ. ಪಹಣಿಯಲ್ಲಿ ಗೋಮಾಳವೆಂದಿರುವ ಸರ್ವೆ ನಂಬರು ಅರಣ್ಯ ಇಲಾಖೆಯ ಪಟ್ಟಿಯಲ್ಲಿ ಡೀಮ್ಡ್ ಅರಣ್ಯವಾಗಿದ್ದರೆ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಾಗ), ಎರಡೂ ಇಲಾಖೆಗಳ ಜಂಟಿ ಸರ್ವೆ ಮುಗಿಯುವವರೆಗೆ ಕಡತ ಅಲುಗುವುದಿಲ್ಲ. ಮಲೆನಾಡಿನಲ್ಲಿ ಇಂಥ ನಂಬರುಗಳಿಗೇನೂ ಬರವಿಲ್ಲ. ಗೋಮಾಳವೆಂದೇ ತೀರ್ಮಾನವಾದರೂ, ಊರಿನ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಮೀಸಲಿಟ್ಟು ಮಿಕ್ಕಿದ್ದನ್ನಷ್ಟೇ ಮಂಜೂರು ಮಾಡಬೇಕು. ದನವೇ ಕಾಣದ ಊರಲ್ಲಿ ಲೆಕ್ಕ ಹಿಡಿಯುವುದು ಹೇಗೆಂದು ಕೇಳಿದಾಗ ಗುಮಾಸ್ತರು ನಕ್ಕರಷ್ಟೆ.

2005ಕ್ಕೂ ಮೊದಲಿನ ಸಾಗುವಳಿಯನ್ನು ಉಪಗ್ರಹ ಚಿತ್ರದಿಂದ ಪರಿಶೀಲಿಸುವ ಆ್ಯಪ್ ಬಂದಿರುವುದು ಮೆಚ್ಚತಕ್ಕದ್ದೇ, ಏಕೆಂದರೆ ಸುಳ್ಳು ಅರ್ಜಿಗಳು ಸೋಸಿಹೋಗುತ್ತವೆ. ಆದರೆ ಮರದ ನೆರಳಿನ ಕಾಫಿ ಗಿಡ ಮೇಲಿನಿಂದ ಕಾಡಿನಂತೆ ಕಾಣುವುದರಿಂದ, ಸ್ಥಳ ತನಿಖೆಗೆ ಪಟ್ಟು ಹಿಡಿಯಿರಿ. ಶಾಸಕರ ಅಧ್ಯಕ್ಷತೆಯ ಸಮಿತಿ ಒಪ್ಪಿ ಸಾಗುವಳಿ ಚೀಟಿ, ಅಂದರೆ ಮಂಜೂರಾತಿ ಪತ್ರ, ಕೈಗೆ ಬಂದವರಿಗೂ ಪೋಡಿಯಾಗದೆ, ಅಂದರೆ ಜಮೀನನ್ನು ಅಳೆದು ಬೇರೆ ಹಿಸ್ಸೆಯಾಗಿ ವಿಭಜಿಸದೆ, ಪ್ರತ್ಯೇಕ ಪಹಣಿ ಸಿಗದು. ಅರ್ಜಿ ಸ್ವೀಕಾರಕ್ಕೆ ಐದರಲ್ಲಿ ನಾಲ್ಕು ಅಂಕ, ವಿಲೇವಾರಿಗೆ ಒಂದು.