ಸ್ಪೋಕ್ ಕೀ ಕೊಳ್ಳುವುದಾದರೆ: ಪಾರ್ಕ್ ಟೂಲ್‌ನ ಕಪ್ಪು, ಹಸಿರು, ಕೆಂಪು

ವಾಲಿದ ಚಕ್ರವನ್ನು ನೇರ ಮಾಡಲು ಅದರ ಕಡ್ಡಿಗಳನ್ನು (ಸ್ಪೋಕ್) ಬಿಗಿ-ಸಡಿಲ ಮಾಡುವ ಸಲಕರಣೆಯೇ ಸ್ಪೋಕ್ ಕೀ. ಸೈಕಲ್ ಅಂಗಡಿಯಲ್ಲಿ ಅದನ್ನು ಕೇಳಿದರೆ ಸಾಮಾನ್ಯವಾಗಿ ಸುತ್ತಲೂ ಕಚ್ಚುಗಳಿರುವ ದುಂಡನೆಯ ಕೀ ಕೊಡುತ್ತಾರೆ. ಅಗ್ಗ, ಎಲ್ಲ ಅಳತೆಗೂ ಆಗುತ್ತದೆ. ಆದರೆ ಅದರ ಕಚ್ಚು ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್) ಮೇಲೆ ಕೂತಾಗ ತುಸು ಆಡುತ್ತದೆ. ಕೀ ಉಕ್ಕಿನದು, ನಿಪ್ಪಲ್ ಹೆಚ್ಚಾಗಿ ಹಿತ್ತಾಳೆಯದು. ಬಿಗಿಯಾದ ಕಡ್ಡಿಯ ಮೇಲೆ ಎರಡು ಸಲ ಜಾರಿದರೆ ಸಾಕು, ನಿಪ್ಪಲ್‌ನ ಮೂಲೆಗಳು ಸವೆದು ಮತ್ತೆ ಯಾವ ಕೀಗೂ ಹಿಡಿತ ಸಿಗುವುದಿಲ್ಲ.

ಸೈಕಲ್ ಸಲಕರಣೆಗಳ ಕಂಪನಿ ಪಾರ್ಕ್ ಟೂಲ್ ಒಂದೊಂದು ಅಳತೆಗೂ ಬೇರೆ ಬೇರೆ ಕೀ ಮಾಡುತ್ತದೆ, ಬಣ್ಣದಿಂದ ಗುರುತು: ಕಪ್ಪು 3.23 ಮಿ.ಮೀ., ಹಸಿರು 3.30, ಕೆಂಪು 3.45. ಇಂದಿನ ಗೇರ್ ಸೈಕಲ್‌ಗಳಲ್ಲಿ ಬಹಳಷ್ಟಕ್ಕೆ ಕಪ್ಪೇ ಸರಿ. ಆದರೂ ಕೊಳ್ಳುವಾಗ ಚಕ್ರವನ್ನೇ ಒಯ್ದು, ಕಪ್ಪಿನಿಂದ ಶುರುಮಾಡಿ ನೋಡಿ. ಬಲ ಹಾಕದೆ ಕೂರುವ ಅತಿ ಚಿಕ್ಕದೇ ನಿಮ್ಮದು. ಕಪ್ಪಿನ ನಿಪ್ಪಲ್‌ಗೆ ಹಸಿರೂ ಸಲೀಸಾಗಿ ಕೂರುತ್ತದೆ, ಮೋಸಹೋಗುವುದು ಇಲ್ಲೇ. ಆ 0.07 ಮಿ.ಮೀ. ಸಂದೇ ಮೂಲೆ ತಿನ್ನಲು ಸಾಕು. ತುಕ್ಕು ಹಿಡಿದ ನಿಪ್ಪಲ್ ಇದ್ದರೆ ಮೊದಲು ತಂತಿ ಬ್ರಷ್‌ನಿಂದ ಉಜ್ಜಿ, ಆಮೇಲೆ ಅಳತೆ ನೋಡಿ.

ಈ ಕೀಗಳ ಹಿಡಿ ಚಿಕ್ಕದು, ಅದೇ ಒಳ್ಳೆಯದು. ಉದ್ದದ ಹಿಡಿಯಿದ್ದರೆ ಗೊತ್ತಿಲ್ಲದೆ ಹೆಚ್ಚು ತಿರುಗಿಸಿಬಿಡುತ್ತೇವೆ. ಸಾಮಾನ್ಯ 2 ಮಿ.ಮೀ. ಕಡ್ಡಿಯ ಥ್ರೆಡ್‌ಗೆ (ತುದಿಯ ತಿರುಪು ಗೆರೆಗಳಿಗೆ) ಇಂಚಿಗೆ 56 ಸುತ್ತು, ಅಂದರೆ ಒಂದು ಪೂರ್ತಿ ತಿರುವು ನಿಪ್ಪಲನ್ನು ಸುಮಾರು 0.45 ಮಿ.ಮೀ. ಸರಿಸುತ್ತದೆ. ಕಾಲು ತಿರುವಿಗೆ ರಿಮ್ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ, ಅದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಬೇಡ.

ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ನಿಪ್ಪಲ್ ರಿಮ್‌ಗೆ ಸೇರುವಲ್ಲೂ ಥ್ರೆಡ್‌ನಲ್ಲೂ ಒಂದೊಂದು ಹನಿ ಎಣ್ಣೆ ಬಿಡಿ. ರಿಮ್ ಎಲ್ಲಿ ವಾಲಿದೆ ಎಂದು ನೋಡಲು, ರಿಮ್ ಬ್ರೇಕ್ ಇದ್ದರೆ ಅದರ ಬ್ಲಾಕೇ ಅಳತೆಗೋಲು, ಡಿಸ್ಕ್ ಇದ್ದರೆ ಫೋರ್ಕ್‌ಗೆ ಒಂದು ಕೇಬಲ್ ಟೈ ಕಟ್ಟಿ ತುದಿಯನ್ನು ರಿಮ್‌ ಹತ್ತಿರಕ್ಕೆ ತನ್ನಿ. ಕಡ್ಡಿಗಳನ್ನು ಎರಡೆರಡಾಗಿ ಹಿಸುಕುತ್ತ ಒಂದು ಸುತ್ತು ಬಂದರೆ ಸಡಿಲವಾದದ್ದು ಕೈಗೇ ತಿಳಿಯುತ್ತದೆ. ಬಿಗಿ ಮಾಡುವ ದಿಕ್ಕು ಟೈರ್ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ. ಹಬ್ (ಚಕ್ರದ ನಡುವಿನ ಭಾಗ) ಕಡೆಯಿಂದ ನೋಡುವವರಿಗೆ ತಿರುಗುಮುರುಗು. ಬಹುಪಾಲು ತಪ್ಪಾಗುವುದು ಈ ಗೊಂದಲದಿಂದಲೇ.

ರಿಮ್ ಬಲಕ್ಕೆ ವಾಲಿದ್ದರೆ ಅಲ್ಲಿನ ಎಡಬದಿಯ ಕಡ್ಡಿಗೆ ಕಾಲು ತಿರುವು ಬಿಗಿ. ಆ ಕಡ್ಡಿ ಆಗಲೇ ಬಿಗಿಯಾಗಿದ್ದರೆ ಪಕ್ಕದ ಬಲಬದಿಯದನ್ನು ಸಡಿಲಿಸಿ. ಗೇರ್ ಸೈಕಲ್‌ನ ಹಿಂದಿನ ಚಕ್ರದಲ್ಲಿ ಗೇರ್ ಕಡೆಯ ಕಡ್ಡಿಗಳು ಹೆಚ್ಚು ಬಿಗಿಯಾಗಿಯೇ ಇರಬೇಕು, ಎರಡೂ ಬದಿಯನ್ನು ಸಮ ಮಾಡಲು ಹೋದರೆ ಚಕ್ರವೇ ನಡುವಿನಿಂದ ಸರಿದುಬಿಡುತ್ತದೆ. ಕಡ್ಡಿ ತಾನೂ ತಿರುಚಿಕೊಳ್ಳುವುದರಿಂದ ಬೇಕಾದ್ದಕ್ಕಿಂತ ಚೂರು ಮುಂದೆ ತಿರುಗಿಸಿ ಹಿಂದೆ ತನ್ನಿ. ಹಾಗೆ ಮಾಡದೆ ಬಿಟ್ಟ ಚಕ್ರ ಓಡಿಸಿದ ಮೊದಲ ದಿನವೇ ಟಿಣ್ ಟಿಣ್ ಎಂದು ಬಿಚ್ಚಿಕೊಂಡು ಮತ್ತೆ ವಾಲುತ್ತದೆ.

ಗುಂಡಿಗೆ ಬಿದ್ದು ರಿಮ್ಮೇ ಮಡಚಿದ್ದರೆ ಯಾವ ಕೀಯೂ ಅದನ್ನು ಸರಿಮಾಡದು. ನಿಪ್ಪಲ್ ಆಗಲೇ ದುಂಡಗಾಗಿದ್ದರೆ ಇದೇ ಕಂಪನಿಯ ನಾಲ್ಕೂ ಬದಿ ಹಿಡಿಯುವ ಎಸ್‌ಡಬ್ಲ್ಯೂ-40 ಕೆಲವೊಮ್ಮೆ ಕೈಹಿಡಿಯುತ್ತದೆ, ಅದೂ 3.23ರದ್ದೇ. ಅದಕ್ಕೂ ಬಗ್ಗದಿದ್ದರೆ ಟೈರ್, ಟ್ಯೂಬ್, ರಿಮ್ ಟೇಪ್ ತೆಗೆದು ಆ ಒಂದು ನಿಪ್ಪಲನ್ನು ಬದಲಿಸಿ. ಟ್ಯೂಬ್ ಹಾಕುವ ಮೊದಲು ಕಡ್ಡಿಯ ತುದಿ ನಿಪ್ಪಲ್ ತಲೆಯಿಂದ ಹೊರಗೆ ಚಾಚಿದೆಯೇ ನೋಡಿ, ಚಾಚಿದ್ದರೆ ಅರದಿಂದ ಉಜ್ಜಿ ಮಟ್ಟ ಮಾಡಿ.