ಹಾಲು ಬಿಡಿಸಿದ ಹಂದಿಮರಿಗೆ ಓರೆಗಾನೊ ಎಣ್ಣೆ, ಬೆಳ್ಳುಳ್ಳಿ, ಲೇಪನದ ಪುಡಿ: ನನ್ನ ಹೋಲಿಕೆ

ಹಾಲು ಬಿಡಿಸಿದ ಮರಿಗೆ ಭೇದಿ ಹತ್ತದಿರಲಿ ಅಂತ ಆಂಟಿಬಯಾಟಿಕ್ ಬದಲು ಫೀಡ್‌ಗೆ ಬೆರೆಸಲು ನಮ್ಮ ಹಂದಿಗೂಡಿನಲ್ಲಿ ಈಗ ನಡೆಯುತ್ತಿರುವುದು ಲೇಪನದ ಪುಡಿ. ಓಂಕಾಳಿನ ಘಾಟಿಗೆ ಕಾರಣವಾದ ಥೈಮಾಲ್, ಓರೆಗಾನೊ ಎಂಬ ಘಾಟಿನ ಸೊಪ್ಪಿನಲ್ಲಿರುವ ಕಾರ್ವಾಕ್ರಾಲ್, ಇವೆರಡಕ್ಕೂ ಕೊಬ್ಬಿನ ಲೇಪ ಕೊಟ್ಟು ಸಣ್ಣ ಕಾಳು ಮಾಡಿರುತ್ತಾರೆ. ಕೊಡಗಿನ ಮಳೆಗಾಲದಲ್ಲಿ ಮರಿ ಸಾಕುವವರಿಗೆ ನಾನು ಹೇಳುವುದೂ ಇದನ್ನೇ.

ಆಂಟಿಬಯಾಟಿಕ್ ಯಾಕೆ ಬೇಡ ಅಂತ ಇನ್ನೂ ಕೇಳುವವರಿದ್ದಾರೆ. ಬೆಳವಣಿಗೆಗೆಂದು ಅದನ್ನು ಫೀಡ್‌ಗೆ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಯುರೋಪಿಯನ್ ಒಕ್ಕೂಟ 2006ರಲ್ಲಿ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅಂತೂ ಬೇರೆಲ್ಲ ಸೋತಾಗ ಮನುಷ್ಯರಿಗೆ ಕೊನೆಗೆ ಉಳಿಯುವ ಔಷಧಿ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಮ್ಮ ದೇಶವೂ 2019ರಲ್ಲಿ ನಿಷೇಧಿಸಿತು. ಸರಿಯಾದ ಕೆಲಸ.

ನಾನು ಮೊದಲು ತಂದದ್ದು ಬಾಟಲಿಯ ಓರೆಗಾನೊ ಎಣ್ಣೆ. ಮಾರಿದವರು ಭೇದಿ ನಿಲ್ಲುತ್ತದೆ ಅಂದರು, ಮರಿ ಮೂಸಿ ನೋಡಿ ಹಿಂದೆ ಸರಿಯುತ್ತದೆ ಅಂತ ಹೇಳಲಿಲ್ಲ. ಹಂದಿಯ ಮೂಗು ಎಷ್ಟು ಚುರುಕು ಅಂತ ಸಾಕಿದವರಿಗೆ ಗೊತ್ತು. ಬಾನಿಗೆ ಬಾಯಿ ಹಾಕುವುದು, ತಲೆ ಕೊಡವುವುದು, ನೀರಿನ ಕಡೆ ಹೋಗುವುದು, ಇಷ್ಟೇ.

ದೊಡ್ಡ ಹಂದಿಯಾದರೆ ಹಸಿವಾದಾಗ ತಿನ್ನಲಿ ಅಂತ ಬಿಡಬಹುದು. ಆಗಷ್ಟೇ ತಾಯಿಯಿಂದ ಬೇರೆ ಮಾಡಿದ ಮರಿಗೆ ಹಾಗಲ್ಲ. ಹಾಲು ತಪ್ಪಿ, ಜಾಗ ಬದಲಾಗಿ, ಅದು ಮೊದಲೇ ಸರಿಯಾಗಿ ತಿನ್ನುವುದಿಲ್ಲ. ಹೊಟ್ಟೆ ಖಾಲಿ ಬಿದ್ದರೆ ಕರುಳಿನೊಳಗಿನ ಸಣ್ಣ ಸಣ್ಣ ಎಳೆಗಳು ಕುಗ್ಗುತ್ತವೆ. ಆಮೇಲೆ ಹಸಿವು ತಡೆಯದೆ ಒಮ್ಮೆಲೇ ಗಬಗಬ ತಿಂದರೆ ಅರಗುವುದಿಲ್ಲ. ಅರಗದೆ ಉಳಿದದ್ದು ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಊಟ, ಮರಿಗೆ ಭೇದಿ. ಭೇದಿ ತಡೆಯಲು ತಂದದ್ದೇ ಭೇದಿಗೆ ದಾರಿ ಮಾಡಿದರೆ ಏನು ಬಂತು?

ಬೆರೆಸುವುದೂ ಕಷ್ಟ. ಎಣ್ಣೆ ಬೇಕಾಗುವುದು ತೀರಾ ಸ್ವಲ್ಪ. ಸಲಿಕೆಯಲ್ಲಿ ಫೀಡ್ ಕಲೆಸುವ ನಮ್ಮಂಥವರಿಗೆ ಅದು ಒಂದು ಕಡೆ ಗಂಟು ಕಟ್ಟುತ್ತದೆ, ಇನ್ನೊಂದು ಕಡೆ ಇರುವುದೇ ಇಲ್ಲ. ಮೊದಲು ತೌಡಿಗೆ ಉಜ್ಜಿ, ಆ ತೌಡನ್ನು ಫೀಡ್‌ಗೆ ಸೇರಿಸಿ ನೋಡಿದೆ. ಗಂಟು ಹೋಯಿತು, ಘಾಟು ಹೋಗಲಿಲ್ಲ. ಚೀಲ ತೆರೆದಿಟ್ಟರೆ ಎಣ್ಣೆ ಆರಿ ಹೋಗುವುದು ಬೇರೆ.

ಲೇಪನದ ಪುಡಿಯಲ್ಲಿ ಈ ಕಾಟ ಬಹಳ ಕಡಿಮೆ. ವಾಸನೆ ಒಳಗೇ ಇರುತ್ತದೆ, ಮರಿಗಳು ತಿನ್ನುತ್ತವೆ. ಲೇಪವಿಲ್ಲದ ಎಣ್ಣೆಯ ಹೆಚ್ಚಿನ ಪಾಲು ಹೊಟ್ಟೆ ಮತ್ತು ಸಣ್ಣ ಕರುಳಿನ ಶುರುವಿನಲ್ಲೇ ಹೀರಿಕೊಂಡು ಹೋಗುತ್ತದೆ. ಲೇಪವಿದ್ದರೆ ಇನ್ನೂ ಕೆಳಗೆ, ಕೆಲಸ ಇರುವ ಕಡೆ ತಲುಪುತ್ತದೆ.

ಬೆಳ್ಳುಳ್ಳಿ ಅಗ್ಗ, ಮರಿಗಳಿಗೂ ಬೇಗ ಒಗ್ಗುತ್ತದೆ. ಆದರೆ ಜಜ್ಜಿದಾಗ ಹುಟ್ಟುವ ಅಲಿಸಿನ್ ಎಂಬ ಸತ್ವ ಬೇಗ ಕೆಡುತ್ತದೆ. ದಿನಾ ಜಜ್ಜಲು ಆಳು ಬೇಕು, ಅಂಗಡಿಯ ಪುಡಿ ತಂದರೆ ಜುಲೈ ತೇವಕ್ಕೆ ಕಲ್ಲಾಗುತ್ತದೆ.

ಅರಿಶಿನ: ಕೆಟ್ಟದ್ದೇನೂ ಆಗಲಿಲ್ಲ, ಒಳ್ಳೆಯದೂ ಕಾಣಲಿಲ್ಲ.

ಲೇಪನದ ಪುಡಿಗೆ ದುಡ್ಡು ಜಾಸ್ತಿ, ನಿಜ. ಅದಕ್ಕೇ ಹಾಲು ಬಿಡಿಸಿದ ಮೊದಲ ವಾರಗಳಿಗೆ ಮಾತ್ರ ಕೊಡುತ್ತೇನೆ. ಆಗ ಮರಿ ತಿನ್ನುವುದೇ ಸ್ವಲ್ಪ, ಖರ್ಚು ಕೈ ಮೀರುವುದಿಲ್ಲ. ಬಲಿತ ಮೇಲೆ, ಬೇಸಿಗೆಯಾಗಿದ್ದರೆ ಬೆಳ್ಳುಳ್ಳಿ ಪುಡಿ ಸಾಕು. ಯಾವ ಪುಡಿಯಾದರೂ ನೆಲ ಒಣಗಿರಬೇಕು, ಮಲಗುವ ಜಾಗ ಬೆಚ್ಚಗಿರಬೇಕು. ಭೇದಿ ಹತ್ತಿ ಸೊರಗಿದ ಮರಿಗೆ ಇವು ಯಾವುವೂ ಔಷಧಿಯಲ್ಲ. ಅದಕ್ಕೆ ಪಶುವೈದ್ಯರನ್ನೇ ಕರೆಯಿರಿ, ಅವರು ಬರುವ ತನಕ ಉಪ್ಪು-ಸಕ್ಕರೆ ನೀರು ಕುಡಿಸುತ್ತಿರಿ.